ಕಾಣದ ಕಿರಣಕ್ಕೆ ಗಡಿಯಾರವೇ ಕಣ್ಣು

ಬಿಸಿಲು ಎಷ್ಟಿದೆ ಎಂದು ನೋಡಲು ನೀವೇನು ಮಾಡುತ್ತೀರಿ? ಹೊಸ್ತಿಲಲ್ಲಿ ನಿಂತು ಕೈ ಹೊರಗೆ ಚಾಚುತ್ತೀರಿ. ಚುರುಗುಟ್ಟಿದರೆ ಕೊಡೆ ಹುಡುಕುತ್ತೀರಿ. ತಣ್ಣನೆ ಗಾಳಿ ಬೀಸುತ್ತಿದ್ದರೆ ‘ಇವತ್ತೇನೂ ಅಂಥ ಬಿಸಿಲಿಲ್ಲ ಬಿಡಿ’ ಎಂದು ಬರಿದಲೆಯಲ್ಲಿ ಹೊರಟೇಬಿಡುತ್ತೀರಿ. ಅಲ್ಲೇ ನಿಮ್ಮ ಲೆಕ್ಕ ತಪ್ಪುವುದು. ಚುರುಗುಟ್ಟುವುದು ಶಾಖ. ಚರ್ಮವನ್ನು ಕಂದಿಸುವುದು, ಬಂಗು ಹೆಚ್ಚಿಸುವುದು, ಕಣ್ಣಿಗೆ ಬೇಗ ಪೊರೆ ಬರುವಂತೆ ಮಾಡುವುದು ನೇರಳಾತೀತ ಕಿರಣ, ಅಂದರೆ ಯುವಿ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿದ್ದದ್ದೂ ತಿಳಿಯುವುದಿಲ್ಲ. ತಿಳಿಯುವುದು ಆರೆಂಟು ಗಂಟೆ ಕಳೆದ ಮೇಲೆ, ಇಲ್ಲವೇ ಇಪ್ಪತ್ತು ವರ್ಷ ಕಳೆದ ಮೇಲೆ. ಹಾಗಾಗಿ ಈ ವಿಷಯದಲ್ಲಿ ನಿಮ್ಮ ಮೈ ಹೇಳಿದ್ದನ್ನು ನಂಬಬೇಡಿ. ಗಡಿಯಾರ ನೋಡಿ, ನೆರಳು ನೋಡಿ, ಡಬ್ಬಿಯ ಮೇಲೆ ಬರೆದದ್ದನ್ನು ಓದಿ.

ಈ ಕಿರಣ ಮೊದಲು ಸಿಕ್ಕಿದ್ದೂ ಹಾಗೆಯೇ, ಕಣ್ಣಿಗಲ್ಲ, ಕಾಗದಕ್ಕೆ. 1801ರಲ್ಲಿ ಜರ್ಮನಿಯ ಯೇನಾ ಊರಿನಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಎಂಬವರು ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ, ಬಿದ್ದ ಬಣ್ಣಗಳ ಪಟ್ಟಿಯ ಕೆಳಗೆ ಸಿಲ್ವರ್ ಕ್ಲೋರೈಡ್ ಸವರಿದ ಕಾಗದ ಇಟ್ಟರು. ನೇರಳೆ ಬಣ್ಣ ಮುಗಿದು ಏನೂ ಇಲ್ಲ ಎನ್ನುವಂತಿದ್ದ ಜಾಗದಲ್ಲೇ ಕಾಗದ ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಆಮೇಲೆ ಬಂದವರು ಇದನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದರು. ಸಿ ಎಲ್ಲಕ್ಕಿಂತ ಉಗ್ರ. ಬಿಸಿಲಿನಲ್ಲಿರುವ ಸಿ ಕಿರಣವನ್ನು ಓಝೋನ್ ಪದರವೇ ನುಂಗುವುದರಿಂದ ಅದು ನೆಲಕ್ಕೆ ಬರುವುದಿಲ್ಲ. ಬಿ ಬಹುಪಾಲು ಮೇಲೇ ಉಳಿಯುತ್ತದೆ, ಸ್ವಲ್ಪ ಬರುತ್ತದೆ. ಚರ್ಮವನ್ನು ಸುಡುವುದು ಹೆಚ್ಚಾಗಿ ಅದೇ. ಎ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ, ಚರ್ಮದ ಆಳಕ್ಕೆ ಇಳಿದು ಸುಕ್ಕು, ಕಲೆ ತರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಪರೀಕ್ಷೆಯೇನೂ ಇಲ್ಲ.

ಈಗ ಬೆಂಗಳೂರಿನವರೇ, ನೀವು ಮೊದಲು ಕೇಳಿ. ಮಂಗಳೂರಿನಲ್ಲಿ ಬೆವರು ಹರಿಯುವಾಗ ‘ನಮ್ಮಲ್ಲಿ ಹವೆ ಎಷ್ಟು ಚೆನ್ನ’ ಎಂದು ಬೀಗುತ್ತೀರಲ್ಲ! ಎರಡು ಊರೂ ಸುಮಾರು ಒಂದೇ ಅಕ್ಷಾಂಶದಲ್ಲಿವೆ. ಆದರೆ ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಈ ಕಿರಣ ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತದೆ. ಅಂದರೆ ಗಾಳಿ ತಂಪು, ಕಿರಣ ಮಾತ್ರ ಕಡಿಮೆಯಿಲ್ಲ, ಒಂದು ಕೈ ಹೆಚ್ಚೇ. ಹವಾಮಾನ ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ‘ಯುವಿ ಸೂಚ್ಯಂಕ’ ಎಂಬ ಒಂದು ಅಂಕಿ ಇರುತ್ತದೆ. ಮಳೆ ಬರುತ್ತದೋ ಇಲ್ಲವೋ ಎಂದು ನೋಡುವ ನೀವು ಅದರ ಮೇಲೆ ಕಣ್ಣಾಡಿಸುವುದೇ ಇಲ್ಲ. 2ರ ಒಳಗಿದ್ದರೆ ಚಿಂತೆಯಿಲ್ಲ. 3 ಮುಟ್ಟಿದರೆ ರಕ್ಷಣೆ ಬೇಕು. 8 ಅಂದರೆ ಬಹಳ ಹೆಚ್ಚು, 11 ಮತ್ತು ಅದರಾಚೆ ವಿಪರೀತ. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನ ಬೆಂಗಳೂರಿನಲ್ಲಿ ಅದು 11 ದಾಟುವುದುಂಟು.

ಮೊಬೈಲ್ ಬೇಡವೆಂದರೆ ನೆರಳು ಇದೆಯಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದು ತಿಳಿಯಿರಿ, ಒಳಗೆ ನಡೆಯಿರಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ನಡುಹಗಲಲ್ಲಿ ನೆರಳು ಕಾಲಡಿಗೆ ಸೇರಿಕೊಳ್ಳುತ್ತದೆ. ಶೂನ್ಯ ನೆರಳಿನ ದಿನ ಎಂದು ಮಕ್ಕಳನ್ನು ಬಯಲಲ್ಲಿ ನಿಲ್ಲಿಸಿ ಬಾಟಲಿ, ಕೋಲು ನೆಟ್ಟು ತೋರಿಸುತ್ತಾರೆ. ತೋರಿಸಿ, ಬಹಳ ಒಳ್ಳೆಯದು. ಟೊಪ್ಪಿ ಹಾಕಿಸಿ ತೋರಿಸಿ. ಮೋಡ ಕವಿದಿದೆ ಎಂದು ಮೈಮರೆಯುವುದೂ ಬೇಡ. ತೆಳುಮೋಡವನ್ನು ಈ ಕಿರಣ ದಾಟಿ ಬರುತ್ತದೆ.

ಸಂಡಿಗೆ, ಹಪ್ಪಳದ ಕಾಲದಲ್ಲಿ ತಾರಸಿ ಹತ್ತುವ ತಾಯಂದಿರಿಗೆ ಒಂದು ಮಾತು. ಹಿಟ್ಟು ಬೆಳಗಿನ ಜಾವವೇ ಕಾಯಿಸಿಕೊಳ್ಳಿ, ಒಂಬತ್ತರೊಳಗೆ ಇಟ್ಟು ಮುಗಿಸಿ ಕೆಳಗಿಳಿಯಿರಿ. ಒಣಗುವುದು ಸಂಡಿಗೆಯ ಕೆಲಸ, ನಿಮ್ಮದಲ್ಲ. ಕಾಗೆ ಓಡಿಸಲು ಕೂತೇ ಇರಬೇಕೆಂದರೆ ನೀರಿನ ಟ್ಯಾಂಕಿನ ನೆರಳಿಗೆ ಸರಿಯಿರಿ. ಆ ಟ್ಯಾಂಕನ್ನೇ ನೋಡಿ, ಬಹುತೇಕ ತಾರಸಿಗಳ ಮೇಲೆ ಅದು ಕಪ್ಪು. ಪ್ಲಾಸ್ಟಿಕ್ಕಿಗೆ ಬೆರೆಸಿದ ಮಸಿಯಂಥ ಇಂಗಾಲ ಯುವಿ ಕಿರಣವನ್ನು ತಾನೇ ಹೀರಿಕೊಂಡು ಟ್ಯಾಂಕ್ ಸೀಳದಂತೆ ಕಾಯುತ್ತದೆ. ಅದಿಲ್ಲದ ಬಣ್ಣದ ಬಕೆಟ್ಟು, ಕುರ್ಚಿಗಳನ್ನು ಎರಡು ಬೇಸಿಗೆ ಹೊರಗೆ ಬಿಟ್ಟರೆ ಪಟಕ್ಕೆಂದು ಮುರಿಯುತ್ತವೆ. ರೇಷ್ಮೆ ಸೀರೆಯನ್ನು ನೆರಳಲ್ಲಿ ಒಣಹಾಕಿ ಎಂದು ಅಜ್ಜಿಯಂದಿರು ಸುಮ್ಮನೆ ಹೇಳಿದ್ದಲ್ಲ. ಸೀರೆಯ ಬಣ್ಣಕ್ಕೆ ತೋರುವ ಕಾಳಜಿಯನ್ನು ನಿಮ್ಮ ಮುಖಕ್ಕೂ ಸ್ವಲ್ಪ ತೋರಿಸಿ.

ಬಟ್ಟೆ ಎಂದರೆ ಯಾವುದೋ ಒಂದು ಬಟ್ಟೆಯಲ್ಲ. ಬೆಳಕಿಗೆ ಹಿಡಿದರೆ ಆಚೆ ಕಾಣುವಂಥ ತೆಳು ಬಿಳಿ ಹತ್ತಿಬಟ್ಟೆ ಗಾಳಿಗೆ ಹಿತ, ಕಿರಣಕ್ಕೆ ಜರಡಿ. ಒದ್ದೆಯಾದರೆ ಇನ್ನೂ ಕಡೆ. ಒತ್ತಾಗಿ ನೇಯ್ದದ್ದು, ಸ್ವಲ್ಪ ಗಾಢ ಬಣ್ಣದ್ದು ಹಾಕಿ, ಮೈಗಂಟದಂತೆ ಸಡಿಲವಾಗಿರಲಿ. ಅಗಲ ಅಂಚಿನ ಟೊಪ್ಪಿ ಮೇಲು. ಮುಂದೆ ಮಾತ್ರ ಕೊಕ್ಕಿರುವ ಕ್ರಿಕೆಟ್ ಟೊಪ್ಪಿ ಕಿವಿ, ಕುತ್ತಿಗೆಗಳನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಕರಾವಳಿಯಲ್ಲಿ ತೋಟಕ್ಕಿಳಿಯುವವರ ಅಡಿಕೆ ಹಾಳೆಯ ಟೊಪ್ಪಿಗೆ ನಾನು ಪೇಟೆಯ ಯಾವ ಟೊಪ್ಪಿಗಿಂತಲೂ ಹೆಚ್ಚು ಅಂಕ ಕೊಡುತ್ತೇನೆ.

‘ನಾವು ಕಪ್ಪಗಿದ್ದೇವೆ, ನಮಗೇನಾಗುತ್ತೆ?’ ಎನ್ನುವವರಿದ್ದಾರೆ. ಅರ್ಧ ನಿಜ. ಚರ್ಮದ ಮೆಲನಿನ್ ಕಾಯುತ್ತದೆ, ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಬಿಳಿಯರಲ್ಲಿ ಕಾಣುವಷ್ಟಿಲ್ಲ. ಆದರೆ ಕೆನ್ನೆ, ಹಣೆಯ ಬಂಗು ನಮ್ಮ ಬಣ್ಣದವರಿಗೇ ಹೆಚ್ಚು, ಅದನ್ನು ಕೆರಳಿಸುವುದು ಬಿಸಿಲೇ. ಕಣ್ಣಿನ ವಿಷಯದಲ್ಲಂತೂ ಕಪ್ಪು ಬಿಳುಪಿನ ರಿಯಾಯಿತಿ ಇಲ್ಲ. ಇನ್ನು ಮಗನ ಮನೆ, ಮಗಳ ಬಾಣಂತನ ಎಂದು ಮೆಲ್ಬರ್ನ್, ಸಿಡ್ನಿಗೆ ಹೋಗುವವರು ಅಲ್ಲಿನವರನ್ನು ನೋಡಿ ಕಲಿಯಿರಿ. 1981ರಿಂದಲೇ ಅಂಗಿ ತೊಡಿ, ಕ್ರೀಮು ಬಳಿಯಿರಿ, ಟೊಪ್ಪಿ ಹಾಕಿ ಎಂದು ಟಿವಿಯಲ್ಲಿ ಹಾಡಿ ಹಾಡಿ ಕಲಿಸಿದ ದೇಶ ಅದು. ಟೊಪ್ಪಿ ತರದ ಮಗುವನ್ನು ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಆಟಕ್ಕೇ ಬಿಡುವುದಿಲ್ಲ.

ಸನ್‌ಸ್ಕ್ರೀನ್ ಕೊಳ್ಳುತ್ತೀರಿ, ಸರಿ. ಆದರೆ ಕುಂಕುಮ ಇಟ್ಟ ಹಾಗೆ ನಾಲ್ಕು ಚುಕ್ಕೆ ಇಟ್ಟು ಸವರಿದರೆ ಅದು ಹಾಕಿದಂತಲ್ಲ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಮುಖಕ್ಕೂ ಕುತ್ತಿಗೆಗೂ ಬೇಕು. ಹೊರಡುವ ಇಪ್ಪತ್ತು ನಿಮಿಷ ಮೊದಲು ಹಚ್ಚಿ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಬೆವರು ಒರೆಸಿಕೊಂಡರೆ ಆಗಲೇ ಹಚ್ಚಿ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಬಿ ಕಿರಣದ ಲೆಕ್ಕ. ಎ ಕಿರಣಕ್ಕೆ ‘ಪಿಎ’ ಎಂದು ಬರೆದು ಪಕ್ಕದಲ್ಲಿ ಕೂಡಿಸುವ ಚಿಹ್ನೆಗಳಿರುತ್ತವೆ, ಮೂರಾದರೂ ಇರಲಿ. 30ರದ್ದು ಸುಮಾರು ಶೇಕಡಾ 97, 50ರದ್ದು ಸುಮಾರು 98ರಷ್ಟು ತಡೆಯುತ್ತದೆ. ಆ ಒಂದಕ್ಕಾಗಿ ದುಪ್ಪಟ್ಟು ದುಡ್ಡು ಸುರಿದು, ದುಬಾರಿ ಎಂದು ಚೂರೇ ಚೂರು ಹಚ್ಚಿಕೊಳ್ಳುವುದಕ್ಕಿಂತ 30ರದ್ದನ್ನೇ ಧಾರಾಳವಾಗಿ ಹಚ್ಚಿ.

ಮುಂದಿನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಬೆಳಗ್ಗೆ ಆರೂವರೆಯ ಎಳೆಬಿಸಿಲಲ್ಲಿ ನಿಂತು ವಿಟಮಿನ್ ಡಿ ಸಿಕ್ಕಿತು ಎಂದುಕೊಳ್ಳುವವರೇ, ಸಿಕ್ಕಿದ್ದು ಹಿತ ಮಾತ್ರ. ಚರ್ಮದಲ್ಲಿ ಡಿ ತಯಾರಾಗಲು ಬಿ ಕಿರಣ ಬೇಕು. ಸೂರ್ಯ ಕೆಳಗಿದ್ದಾಗ ಅದು ಓಡಾಡುವ ದಾರಿ ಉದ್ದವಾಗಿ ಗಾಳಿಯಲ್ಲೇ ಕಳೆದುಹೋಗುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತರೂ ಅಷ್ಟೇ. ಗಾಜು ಬಿ ಕಿರಣವನ್ನು ತಡೆಯುತ್ತದೆ, ಎ ಕಿರಣವನ್ನು ಬಹುಪಾಲು ಒಳಗೆ ಬಿಡುತ್ತದೆ. ಲಾಭ ಹೊರಗೆ ಉಳಿದು ನಷ್ಟ ಮಾತ್ರ ಒಳಗೆ ಬಂತು. ದಿನವಿಡೀ ಕಾರು, ಲಾರಿ ಓಡಿಸುವವರಿಗೆ ಕಿಟಕಿಯ ಕಡೆಯ ಕೈ, ಕೆನ್ನೆ ಹೆಚ್ಚು ಕಪ್ಪಾಗುವುದು ಇದರಿಂದಲೇ. ಹಾಗಾದರೆ ಏನು ಮಾಡಬೇಕು? ಬೆಳಗಿನ ಹತ್ತೂವರೆ, ಹನ್ನೊಂದರ ಸುಮಾರಿಗೆ ಮುಖಕ್ಕೆ ಸೆರಗೋ ಟೊಪ್ಪಿಯೋ ಇಟ್ಟು, ತೋಳು ಕಾಲುಗಳಿಗೆ ಹತ್ತು ಹದಿನೈದು ನಿಮಿಷ ಬಿಸಿಲು ತಾಗಿಸಿ, ಚರ್ಮ ಕಪ್ಪಾದಷ್ಟೂ ಸ್ವಲ್ಪ ಹೆಚ್ಚು ಹೊತ್ತು. ಒಂದು ಮಿತಿ ದಾಟಿದರೆ ಚರ್ಮವೇ ತಾನು ಮಾಡಿದ್ದನ್ನು ಬೇರೆ ವಸ್ತುವಾಗಿ ಒಡೆದುಹಾಕುತ್ತದೆ. ಗಂಟೆಗಟ್ಟಲೆ ಕಾದರೆ ಡಿ ಗುಡ್ಡೆ ಬೀಳುವುದಿಲ್ಲ, ಸುಡುವುದೊಂದೇ ಗಳಿಕೆ. ಅತಿಯಾದರೆ ಅಮೃತವೂ ವಿಷ. ಈ ಮಾತು ಮೆಡಿಕಲ್ ಶಾಪಿನ 60,000 ಯೂನಿಟ್ಟಿನ ಡಿ ಪೊಟ್ಟಣಕ್ಕೂ ಸಲ್ಲುತ್ತದೆ. ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. ಪಕ್ಕದ ಮನೆಯವರು ತಿಂದರೆಂದು ನೀವೂ ವರ್ಷವಿಡೀ ತಿನ್ನಬೇಡಿ.

ಬಾಣಂತಿಯರ ಮನೆಯವರೂ ಕೇಳಿ. ಎಣ್ಣೆ ಹಚ್ಚಿದ ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದು ಹಿತವೇ ಇರಬಹುದು. ಡಿ ಬೇಕಾದರೆ ಮಕ್ಕಳ ವೈದ್ಯರು ಬರೆದುಕೊಡುವ ಹನಿ ಹಾಕಿ. ಹುಟ್ಟಿದ ಮಗುವಿಗೆ ಕಾಮಾಲೆ ಬಂದಾಗ ಆಸ್ಪತ್ರೆಯಲ್ಲಿ ಮಲಗಿಸುವ ದೀಪ ಯುವಿಯಲ್ಲ, ಅದು ನೀಲಿ ಬೆಳಕು. ಅದರ ಕೆಲಸವನ್ನು ಅಂಗಳದ ಬಿಸಿಲಿನಿಂದ ಮಾಡಿಸುತ್ತೇವೆ ಎಂದು ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವ ಹಠ ಬೇಡ.

ನಿಂಬೆಹಣ್ಣಿನ ಸಂಗತಿ ಹೇಳಿದರೆ ನೀವು ನಂಬುವುದಿಲ್ಲ. ರಾಮನವಮಿಗೆ ಪಾನಕಕ್ಕೆಂದು ರಾಶಿ ನಿಂಬೆ ಹಿಂಡುತ್ತೀರಿ, ಉಪ್ಪಿನಕಾಯಿಗೆ ಹೆಚ್ಚುತ್ತೀರಿ, ಕೈ ಸರಿಯಾಗಿ ತೊಳೆಯದೆ ಹಾಗೇ ಬಿಸಿಲಿಗೆ ಹೋಗುತ್ತೀರಿ. ನಿಂಬೆಯ ಸಿಪ್ಪೆ, ರಸದಲ್ಲಿರುವ ಕೆಲವು ವಸ್ತುಗಳು ಎ ಕಿರಣದ ಜೊತೆ ಸೇರಿದರೆ ಚರ್ಮವನ್ನು ಸುಡುತ್ತವೆ. ಒಂದೆರಡು ದಿನ ಬಿಟ್ಟು ಕೈ ಮೇಲೆ ಕೆಂಪು ಪಟ್ಟೆ, ಕೆಲವರಿಗೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ. ಬೆಳ್ಳಗಾಗಲೆಂದು ಮುಖಕ್ಕೆ ನಿಂಬೆ ಉಜ್ಜಿ ಕಾಲೇಜಿಗೆ ಹೋಗುವ ಹುಡುಗಿಯರೇ, ಕೇಳಿಸಿತೇ? ಬೆಳ್ಳಗಾಗಲು ಹೋಗಿ ಕಪ್ಪು ಕಲೆ ಕೊಂಡುತರಬೇಡಿ. ನಿಂಬೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಹೊರಗೆ ಕಾಲಿಡಿ.

ಬಾವಂಚಿ ಬೀಜದಲ್ಲೂ ಅದೇ ಜಾತಿಯ ವಸ್ತುವಿದೆ, ಅಲ್ಲಿ ಅದು ಔಷಧಿ. ತೊನ್ನಿನ ಮಚ್ಚೆಗೆ ಬಾವಂಚಿ ಹಚ್ಚಿ ಬಿಸಿಲು ಕಾಯಿಸುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನದು. ಇವತ್ತಿನ ಚರ್ಮವೈದ್ಯರೂ ಆ ಜಾತಿಯ ಔಷಧಿಯನ್ನು ಎ ಕಿರಣದ ಜೊತೆ ಕೊಡುತ್ತಾರೆ, ಇಲ್ಲವೇ ಔಷಧಿಯಿಲ್ಲದೆ 311 ನ್ಯಾನೊಮೀಟರಿನ ಬಿ ಕಿರಣ ಒಂದನ್ನೇ ಕೊಡುತ್ತಾರೆ. ಕಿರಣದಿಂದ ಚರ್ಮದ ಕ್ಷಯ ವಾಸಿಮಾಡಿದ್ದಕ್ಕೆ ನೀಲ್ಸ್ ಫಿನ್ಸೆನ್ ಎಂಬ ವೈದ್ಯರಿಗೆ 1903ರಲ್ಲೇ ನೊಬೆಲ್ ಬಂದಿತ್ತು. ಆದರೆ ಆಸ್ಪತ್ರೆಯಲ್ಲಿ ಕಣ್ಣಿಗೆ ಕನ್ನಡಕ ಕಟ್ಟಿ, ಅಳೆದು, ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ನೀವು ಗ್ರಂಥಿಗೆ ಅಂಗಡಿಯ ಬಾವಂಚಿ ಎಣ್ಣೆ ಹಚ್ಚಿ ಅಂದಾಜಿನ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಕೂತರೆ ಬೊಬ್ಬೆ ಗ್ಯಾರಂಟಿ. ಮಾತ್ರೆ ನುಂಗುವವರೂ ಗಮನಿಸಿ: ಡಾಕ್ಸಿಸೈಕ್ಲಿನ್, ಕೆಲವು ಬಿಪಿ ಮಾತ್ರೆಗಳಲ್ಲಿರುವ ಹೈಡ್ರೋಕ್ಲೋರೋಥಯಜೈಡ್‌ನಂಥವು ಚರ್ಮವನ್ನು ಬಿಸಿಲಿಗೆ ಬೇಗ ಸೋಲಿಸುತ್ತವೆ. ಮಾತ್ರೆ ನಿಲ್ಲಿಸಬೇಡಿ. ಕೊಡೆ ಮರೆಯಬೇಡಿ.

ಕಣ್ಣಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮನೆ ಕಟ್ಟಿಸುವಾಗ ಕಿಟಕಿಗೆ ಗ್ರಿಲ್ ಬೆಸೆಯಲು ವೆಲ್ಡಿಂಗ್ ಹುಡುಗ ಬರುತ್ತಾನೆ. ಅವನು ಒಂದು ಕೈಯಲ್ಲಿ ಕಪ್ಪು ಗಾಜು ಹಿಡಿದಿರುತ್ತಾನೆ, ಬೇಗ ಮುಗಿಯಲೆಂದು ಆಗಾಗ ಅದನ್ನೂ ಬಿಡುತ್ತಾನೆ. ಸುತ್ತ ನಿಮ್ಮ ಮನೆಯ ಮಕ್ಕಳು ಕಿಡಿ ನೋಡುತ್ತ ನಿಂತಿರುತ್ತಾರೆ. ನೀವು ಮಕ್ಕಳನ್ನು ಗದರುವುದಿಲ್ಲ, ಅವನನ್ನೂ ಗದರುವುದಿಲ್ಲ. ಆ ಬೆಳಕಿನಲ್ಲಿ ಬಿಸಿಲಿಗೆ ಇಲ್ಲದ ಸಿ ಕಿರಣವೂ ಇರುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ನಡುರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ, ನೀರು, ಬೆಳಕು ಕಂಡರಾಗದು. ಕರಿಗುಡ್ಡೆಯ ಮೇಲ್ಪದರ ಸುಟ್ಟಿರುತ್ತದೆ. ಆಗ ಎದೆಹಾಲು, ಹರಳೆಣ್ಣೆ ಎಂದು ಕಣ್ಣಿಗೆ ಬಿಡಬೇಡಿ. ಮರಗಟ್ಟಿಸುವ ಹನಿಯನ್ನು ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಹಾಕಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ನೋವು ಮರೆಯಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಕಣ್ಣುಜ್ಜದೆ, ಕತ್ತಲ ಕೋಣೆಯಲ್ಲಿ ತಂಪು ಬಟ್ಟೆ ಹಾಕಿ ಮಲಗಿ, ಬೆಳಗಾದ ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ವಾಸಿಯಾಗುತ್ತದೆ. ಆದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗುವುದು ಯಾಕೆ? ಕೆಲಸ ಒಪ್ಪಿಸುವಾಗಲೇ ‘ಹೆಲ್ಮೆಟ್ ಹಾಕಿಕೊಂಡರೆ ಮಾತ್ರ ಕೆಲಸ’ ಎಂದು ಆ ಹುಡುಗನಿಗೆ ಹೇಳಿ. ಅವನೂ ಒಬ್ಬ ತಾಯಿಯ ಮಗ.

ಹಿಮಾಲಯಕ್ಕೆ ಚಾರಣ ಹೊರಡುವ ಮಕ್ಕಳಿಗೂ ಇದೇ ಬಾಧೆ. ಹೊಸ ಹಿಮ ತನ್ನ ಮೇಲೆ ಬಿದ್ದ ಯುವಿಯಲ್ಲಿ ಶೇಕಡಾ 80ರವರೆಗೆ ಹಿಂದಕ್ಕೆ ಹೊಡೆಯುತ್ತದೆ; ಟೊಪ್ಪಿ ಇದ್ದರೂ ಕಿರಣ ಕೆಳಗಿನಿಂದ ಬರುತ್ತದೆ. ಪಕ್ಕಗಳನ್ನೂ ಮುಚ್ಚುವ ಕನ್ನಡಕ ಬೇಕು. ಕನ್ನಡಕ ಕಪ್ಪಗಿದ್ದರೆ ಸಾಲದು, ‘ಯುವಿ 400’ ಎಂದು ಇರಬೇಕು. ಕಿರಣ ತಡೆಯದ ಬರೀ ಕಪ್ಪು ಗಾಜು ಹಾಕಿದರೆ ಪಾಪೆ ಅಗಲವಾಗಿ ತೆರೆದು ಇನ್ನಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ. ಸಂಶಯವಿದ್ದರೆ ಕನ್ನಡಕದಂಗಡಿಯಲ್ಲಿ ಪರೀಕ್ಷಿಸುವ ಯಂತ್ರವಿರುತ್ತದೆ, ಕೇಳಿ.

ಕೊರೊನಾ ಕಾಲದಲ್ಲಿ ಹೆದರಿ ಕೊಂಡ ಯುವಿ ಪೆಟ್ಟಿಗೆ, ಯುವಿ ಕಡ್ಡಿ ಇನ್ನೂ ಕೆಲವರ ಕಪಾಟಿನಲ್ಲಿವೆ. ಕೈ, ಮೈ ಶುದ್ಧಿಗೆ ಈ ದೀಪ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಕೈಗೆ ಸೋಪು ಇದೆ. ತರಕಾರಿಗೆ ನೀರು ಇದೆ. ನೋಟು ನೋಡುವ ಪುಟ್ಟ ದೀಪ ಬೇರೆ, ಅದು ಎ ಕಿರಣದ್ದು. ಅಸಲಿ ನೋಟಿನ ಸಂಖ್ಯೆಗಳೂ ಒಳಗಿನ ಎಳೆಗಳೂ ಅದರಡಿ ಹೊಳೆಯುತ್ತವೆ, ಕಾಗದ ಮಂಕಾಗಿರುತ್ತದೆ. ಆದರೆ ಅಂಗಿಯ ಜೇಬಿನಲ್ಲಿ ಮರೆತು ವಾಷಿಂಗ್ ಮಷೀನಿಗೆ ಹೋಗಿ ಬಂದ ನೋಟು ಸೋಪಿನ ಪುಡಿಯ ಹೊಳಪು ಹತ್ತಿ ತಾನೂ ಹೊಳೆಯಬಹುದು. ಕೊಟ್ಟವರನ್ನು ಕೂಡಲೇ ಕಳ್ಳರೆನ್ನಬೇಡಿ. ಆ ಬಗೆಯ ಟಾರ್ಚನ್ನು ಕತ್ತಲಲ್ಲಿ ಹಿತ್ತಲಿನ ಕಲ್ಲುರಾಶಿಗೆ ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ, ನಿಜವಾಗಿಯೂ. ಮಕ್ಕಳ ಕೈಗೆ ಆಟಕ್ಕೆ ಮಾತ್ರ ಕೊಡಬೇಡಿ, ಒಬ್ಬರ ಕಣ್ಣಿಗೊಬ್ಬರು ಬಿಡುತ್ತಾರೆ.

ಇನ್ನು ಉಳಿದದ್ದು ಅಡುಗೆಮನೆಯ ಯುವಿ. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆ ಎಂದು 1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ತೋರಿಸಿದರು. ಪಾದರಸದ ದೀಪ ಉಗುಳುವ 254 ನ್ಯಾನೊಮೀಟರಿನ ಸಿ ಕಿರಣ ರೋಗಾಣುಗಳ ಡಿಎನ್‌ಎಯನ್ನೇ ಕೆಡಿಸಿ ಅವು ಮರಿಯಿಡದಂತೆ ಮಾಡುತ್ತದೆ. ನಿಮ್ಮ ವಾಟರ್ ಫಿಲ್ಟರಿನಲ್ಲಿರುವುದು ಅದೇ ದೀಪ. ಬಹಳ ಒಳ್ಳೆಯ ಸಾಧನ, ಆದರೆ ಅದರ ಕೆಲಸ ಅದಕ್ಕೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ಯುವಿ ಏನೂ ಮಾಡುವುದಿಲ್ಲ. ಉಪ್ಪಿನಂಶವನ್ನೂ ತೆಗೆಯುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾದೀತು. ಮೊದಲು ನೀರು ಪರೀಕ್ಷೆ ಮಾಡಿಸಿ, ಆಮೇಲೆ ಯಂತ್ರ ಕೊಳ್ಳಿ. ನೀರು ಕದಡಿದ್ದರೂ ಯುವಿ ಸೋಲುತ್ತದೆ, ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಅಡಗುತ್ತದೆ. ಅದಕ್ಕೇ ಮುಂದೆ ಇರುವ ಬತ್ತಿಯಂಥ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು. ಯಂತ್ರದಿಂದ ಹೊರಬಂದ ನೀರಿಗೆ ಕ್ಲೋರಿನ್ನಿನಂತೆ ಮುಂದೆಯೂ ಕಾಯುವ ಶಕ್ತಿ ಇಲ್ಲ. ತೊಳೆದ ಪಾತ್ರೆಯಲ್ಲಿ ಹಿಡಿದು ಮುಚ್ಚಿಡಿ, ಲೋಟದ ಜೊತೆ ಬೆರಳು ಅದ್ದಬೇಡಿ.

ಕರೆಂಟಿಲ್ಲದ ಕಡೆ ತೊಂದರೆಗೆ ಸಿಕ್ಕಿದಿರಾ? ಗೀರಿಲ್ಲದ ಪಾರದರ್ಶಕ ಪೆಟ್ ಬಾಟಲಿಗೆ, ಎರಡು ಲೀಟರಿಗಿಂತ ದೊಡ್ಡದು ಬೇಡ, ತಿಳಿನೀರು ತುಂಬಿ ಆರು ಗಂಟೆ ಒಳ್ಳೆಯ ಬಿಸಿಲಿಗಿಡಿ, ಮೋಡವಿದ್ದರೆ ಎರಡು ದಿನ. ಬಾಟಲಿಯನ್ನು ಪತ್ರಿಕೆಯ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯಿಂದ ಇಣುಕಿದಾಗ ಅಕ್ಷರ ಓದಲು ಬಂದರೆ ನೀರು ಸಾಕಷ್ಟು ತಿಳಿಯಾಗಿದೆ ಎಂದರ್ಥ.

ಫಿಲ್ಟರಿನೊಳಗೆ ನೀಲಿ ಬೆಳಕು ಕಂಡರೆ ‘ಇನ್ನೂ ಚೆನ್ನಾಗಿದೆ’ ಎಂದು ವರ್ಷಗಟ್ಟಲೆ ಬಿಡುತ್ತೀರಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾಣುವ ನೀಲಿ ಕೆಲಸದ ಕಿರಣವಲ್ಲ. ಕೆಲಸದ ಕಿರಣ ಕುಂದಿದ ಮೇಲೂ ನೀಲಿ ಉರಿಯುತ್ತಲೇ ಇರುತ್ತದೆ. ಇಂಥ ದೀಪದ ಆಯುಸ್ಸು ಸುಮಾರು 8,000ದಿಂದ 9,000 ಗಂಟೆ, ಅಂದರೆ ಬಿಡದೆ ಉರಿದರೆ ಒಂದು ವರ್ಷ. ನಿಮ್ಮ ಯಂತ್ರ ನೀರು ಬಿಡುವಾಗ ಮಾತ್ರ ಉರಿಸುವುದಾದರೆ ಕಂಪನಿ ಹೇಳಿದ ಅವಧಿ ನೋಡಿ. ದೀಪದ ಸುತ್ತಲಿನ ಕೊಳವೆ ಮಾಮೂಲಿ ಗಾಜಲ್ಲ, ಕ್ವಾರ್ಟ್ಜ್. ಮಾಮೂಲಿ ಗಾಜು ಸಿ ಕಿರಣವನ್ನು ಹೊರಗೇ ಬಿಡುವುದಿಲ್ಲ. ಗಡಸು ನೀರಿನಲ್ಲಿ ಅದರ ಮೇಲೆ ಬಿಳಿ ಪದರ ಕಟ್ಟುತ್ತದೆ, ಸರ್ವಿಸಿನವರು ಬಂದಾಗ ಅದನ್ನು ಒರೆಸಿದರೋ ಇಲ್ಲವೋ ನಿಂತು ನೋಡಿ. ಯಂತ್ರ ಉರಿಯುತ್ತಿರುವಾಗ ಮುಚ್ಚಳ ತೆಗೆದು ಇಣುಕುವ ಕುತೂಹಲ ಬೇಡ, ಮೊದಲು ಸ್ವಿಚ್ ಆರಿಸಿ. ಹೊಸ ದೀಪ ಹಾಕಿಸಿದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಬದಿಗೆ ಅಂಟಿಸಿ. ಹಳೆಯದರಲ್ಲಿ ಪಾದರಸವಿರುತ್ತದೆ, ಒಡೆಯದಂತೆ ಕಾಗದದಲ್ಲಿ ಸುತ್ತಿ ಸರ್ವಿಸಿನವರ ಕೈಗೋ ಇ-ತ್ಯಾಜ್ಯ ಒಯ್ಯುವವರಿಗೋ ಕೊಡಿ, ಹಸಿಕಸದ ಬುಟ್ಟಿಗೆ ತುರುಕಬೇಡಿ.